ಮನೆಯಂಗಳದ ಹಳೆಯ ಕಾರು: ತುಕ್ಕು, ತಗಡು ಮತ್ತು ದೇಹಾರೋಗ್ಯ

ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಮನುಷ್ಯನಿಗೆ ಮುಪ್ಪು ಬರುವಷ್ಟೇ ಸಹಜವೆಂದು ಹೇಳುವುದುಂಟು. ಈ ಹೋಲಿಕೆ ಕೇಳಲು ಚೆನ್ನಾಗಿದ್ದರೂ ಅರ್ಧ ಮಾತ್ರ ನಿಜ. ಮುಪ್ಪು ಇಡೀ ದೇಹವನ್ನು ಆವರಿಸುತ್ತದೆ. ತುಕ್ಕಾದರೋ ನೀರು ನಿಂತ ಮೂಲೆಯನ್ನು ಹುಡುಕಿಕೊಂಡು ಅಲ್ಲಿಯೇ ಬೇರೂರುತ್ತದೆ. ಮುಪ್ಪಿಗೆ ಮದ್ದಿಲ್ಲ, ತುಕ್ಕಿಗೆ ಶಸ್ತ್ರಚಿಕಿತ್ಸೆಯುಂಟು. ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ಅದೇ ಆಕಾರದ ಹೊಸ ತಗಡನ್ನು ಬೆಸೆದರೆ ಹಳೆಯ ಕಾರೊಂದು ಮತ್ತೆ ಹಲವು ವರ್ಷ ಓಡಬಲ್ಲದು. ಈ ಕೆಲಸವನ್ನು ಮನೆಯಂಗಳದಲ್ಲಿಯೇ ಸ್ವಂತ ಕೈಯಿಂದ ಮಾಡಬೇಕೆಂಬ ಹಂಬಲ ಕೆಲವರಲ್ಲಿ, ಅದರಲ್ಲಿಯೂ ನೌಕರಿಯಿಂದ ನಿವೃತ್ತರಾಗಿ ಬಿಡುವು ದೊರೆತವರಲ್ಲಿ, ಕಂಡುಬರುತ್ತದೆ. ಹಂಬಲ ಶ್ಲಾಘನೀಯವೇ. ಆದರೆ ಕಾರಿನ ಮೈಯನ್ನು ಸರಿಪಡಿಸಹೊರಟವರು ತಮ್ಮ ಮೈಯನ್ನು ಕೆಡಿಸಿಕೊಳ್ಳದಿರುವ ಬಗೆಯನ್ನೂ ಅರಿತಿರಬೇಕಾದುದರಿಂದ ಎರಡನ್ನೂ ಒಟ್ಟಿಗೇ ವಿಚಾರ ಮಾಡುವುದು ಯುಕ್ತ.

ಕಾಚಿಗೂಡದ ಕನ್ನಡಿಗರಿಗೆ ಈ ವಿಷಯ ತೀರ ಹೊರಗಿನದಲ್ಲ. 1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಓದಿಗೆ, ಕಚೇರಿಗೆ, ಕೋರ್ಟಿಗೆ, ವ್ಯಾಪಾರಕ್ಕೆ ಎಂದು ಬಂದ ಕುಟುಂಬಗಳು, 1916ರಲ್ಲಿ ಕಟ್ಟಿದ ಕಾಚಿಗೂಡ ರೈಲು ನಿಲ್ದಾಣದ ಸುತ್ತಮುತ್ತ ನೆಲೆಯೂರಿದವು. ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೂ ಅನೇಕರು ಊರು ಬಿಡಲಿಲ್ಲ. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳು ಈ ಪರಿಸರದಲ್ಲಿಯೇ ಬೆಳೆದವು. ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾದು ಕಾರು ಪಡೆಯಬೇಕಾಗಿದ್ದ ಆ ಕಾಲದಲ್ಲಿ ಮನೆಗೆ ಬಂದ ಫಿಯೆಟ್ ಅಥವಾ ಅಂಬಾಸಡರ್ ವಾಹನ ಮಾತ್ರವಾಗಿರಲಿಲ್ಲ, ಮನೆಯ ಸದಸ್ಯನೇ ಆಗಿತ್ತು. ತಂದೆಯವರ ಕಾಲದ ಅಂಥ ಕಾರನ್ನು ಗುಜರಿಗೆ ಹಾಕಲು ಮಕ್ಕಳಿಗೆ ಮನಸ್ಸು ಬಾರದಿದ್ದರೆ ಆಶ್ಚರ್ಯವಿಲ್ಲ.

ಈ ಕಾರುಗಳ ಹಿಂದೆ ಕನ್ನಡಿಗರು ಅಭಿಮಾನಪಡಬಹುದಾದ ಒಂದು ಕಥೆಯೂ ಇದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ನಗರವನ್ನು ಕೊಚ್ಚಿದಾಗ, ಮುಂದೆ ಅಂಥ ಅನಾಹುತವಾಗದಂತೆ ಯೋಜನೆ ರೂಪಿಸಲು ನಿಜಾಮ ಸರ್ಕಾರ ಕರೆಸಿದ್ದು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಯೋಜನೆಯ ಫಲ. ಅದೇ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಭಾರತದಲ್ಲಿಯೇ ಮೋಟಾರು ಕಾರು ತಯಾರಾಗಬೇಕೆಂದು ಪಟ್ಟುಹಿಡಿದು ಯುರೋಪು ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ಬಂದು ಯೋಜನೆ ಸಿದ್ಧಪಡಿಸಿದರು. ಅಂದಿನ ಬ್ರಿಟಿಷ್ ಆಡಳಿತದ ಬೆಂಬಲ ದೊರೆಯದೆ ಅದು ಬೆಂಗಳೂರಿನಲ್ಲಿ ಕೈಗೂಡಲಿಲ್ಲ. ಆ ಆಲೋಚನೆಯನ್ನು ಕೈಗೆತ್ತಿಕೊಂಡ ಉದ್ಯಮಿ ವಾಲ್‌ಚಂದ್ ಹೀರಾಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನೂ, 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನೂ ಸ್ಥಾಪಿಸಿದರು. ಆ ಸಂಸ್ಥೆಯ ಕುರ್ಲಾ ಕಾರ್ಖಾನೆಯಿಂದ ಬಂದ ಫಿಯೆಟ್ 1100 ಕಾರೇ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ತಳೆಯಿತು. ಮುಂಬಯಿಯ ಕಡೆಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾದವು. ಅಂಬಾಸಡರ್ ತಯಾರಿಕೆ 2014ರಲ್ಲಿಯೇ ನಿಂತಿತು. ಉಳಿದಿರುವ ಕಾರುಗಳು ಇನ್ನು ಮನೆಮನೆಗಳಲ್ಲಿಯೇ ಉಳಿಯಬೇಕು. ಇಲ್ಲವೇ ಧರ್ಮಸ್ಥಳದ ಮಂಜೂಷಾದಂತಹ ಸಂಗ್ರಹಾಲಯಗಳಲ್ಲಿ.

ತಗಡಿನ ಕೆಲಸಕ್ಕೆ ಕೈಹಚ್ಚುವ ಮೊದಲು ಕಾರಿನ ಮೈಕಟ್ಟನ್ನು ಅರಿಯಬೇಕು. ಹಳೆಯ ಕಾಲದ ವಾಹನಗಳಲ್ಲಿ ಚಾಸಿಸ್ ಎಂಬ ಗಟ್ಟಿ ಚೌಕಟ್ಟೊಂದು ಕೆಳಗಿರುತ್ತಿತ್ತು. ಮೇಲಿನ ದೇಹವನ್ನು ಅದರ ಮೇಲೆ ಕೂರಿಸಲಾಗುತ್ತಿತ್ತು. ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಇಂದು ಪ್ರದರ್ಶನಕ್ಕಿರುವ ನಿಜಾಮರ 1912ರ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಈ ಬಗೆಯದು. ಅದರ ಚಾಸಿಸ್ ಒಂದು ಸಂಸ್ಥೆಯದಾದರೆ ದೇಹ ಕಟ್ಟಿದವರು ಬಾರ್ಕರ್ ಎಂಬ ಬೇರೆ ಸಂಸ್ಥೆಯವರು. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನಲ್ಲಿಯೂ ಬೇರೆಯ ಚಾಸಿಸ್ ಇತ್ತು. ಆದರೆ ಫಿಯೆಟ್ ಮತ್ತು ಅಂಬಾಸಡರ್ ಕಾರುಗಳಲ್ಲಿ ಪ್ರತ್ಯೇಕ ಚಾಸಿಸ್ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ತೊಲೆ, ಕಂಬಗಳು, ಛಾವಣಿ ಎಲ್ಲವೂ ಸೇರಿಯೇ ಭಾರ ಹೊರುತ್ತವೆ. ಮೊಟ್ಟೆಯ ಸಿಪ್ಪೆ ತೆಳುವಾಗಿದ್ದರೂ ಇಡಿಯಾಗಿರುವಾಗ ಗಟ್ಟಿಯಾಗಿರುವಂತೆ ಈ ಕಟ್ಟಡವೂ. ಒಂದೆಡೆ ಬಿರುಕಾದರೆ ಉಳಿದೆಡೆಯ ಬಲವೂ ಕುಗ್ಗುತ್ತದೆ.

ಇದರಿಂದ ತಿಳಿಯಬೇಕಾದ ಮುಖ್ಯ ಸಂಗತಿಯೆಂದರೆ, ಹಳೆಯ ಕಾರಿನ ತಗಡುಗಳಲ್ಲಿ ಕೆಲವು ಬರಿಯ ಚರ್ಮ, ಕೆಲವು ಎಲುಬು. ಬಾನೆಟ್ಟು, ಡಿಕ್ಕಿಯ ಮುಚ್ಚಳ, ಬಾಗಿಲಿನ ಹೊರಮೈ ಇವು ಚರ್ಮ. ಇಲ್ಲಿಯ ತೂತು ಅಂದಕ್ಕೆ ಕೊರತೆಯೇ ಹೊರತು ಪ್ರಾಣಕ್ಕೆ ಕುತ್ತಲ್ಲ. ಮುಂಚಕ್ರದಿಂದ ಹಿಂಚಕ್ರದವರೆಗೆ ಬಾಗಿಲ ಕೆಳಗೆ ಹಾಯ್ದಿರುವ ಟೊಳ್ಳು ಪೆಟ್ಟಿಗೆಯಂಥ ತೊಲೆ, ಆಸನ ಹಾಗೂ ಸೀಟು ಬೆಲ್ಟುಗಳನ್ನು ಬಿಗಿದಿರುವ ನೆಲದ ತಗಡು, ಸ್ಪ್ರಿಂಗುಗಳು ಕೂಡುವ ಜಾಗ ಇವು ಎಲುಬು. ಪೇಟೆಯಲ್ಲಿ ಅವಸರದ ಕೆಲಸದವರು ಎಲುಬಿನ ತೂತಿಗೂ ಚರ್ಮದ ಮದ್ದನ್ನೇ ಹಚ್ಚುವುದುಂಟು: ಜಾಲರಿಯೊಂದನ್ನು ಇಟ್ಟು, ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಒಪ್ಪಿಸುತ್ತಾರೆ. ನೋಡಲು ಹೊಸದರಂತೆ ಹೊಳೆಯುವ ಆ ಕಾರು ಅಪಘಾತದಲ್ಲಿ ಮಡಚಿಕೊಂಡಾಗಲೇ ಒಳಗಿನ ಟೊಳ್ಳು ಬಯಲಾಗುವುದು. ತೊಲೆಯ ಮೇಲಿನ ಪುಟ್ಟಿಯನ್ನು ದುರಸ್ತಿಯೆನ್ನುವುದಕ್ಕಿಂತ ಮರೆಮೋಸವೆನ್ನುವುದೇ ಸರಿ.

ಪರೀಕ್ಷೆ ಕಷ್ಟವಲ್ಲ. ಸಣ್ಣ ಅಯಸ್ಕಾಂತವೊಂದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮೈಮೇಲೆ ಸವರುತ್ತ ಹೋದರೆ, ಪುಟ್ಟಿ ದಪ್ಪಗೆ ಕುಳಿತಿರುವಲ್ಲಿ ಅದು ಹಿಡಿಯದೆ ಜಾರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಒಳ್ಳೆಯ ತಗಡು ಕಣಕಣಿಸುತ್ತದೆ. ಕೆಟ್ಟದ್ದು ಹಳಸಿದ ಹಲಗೆಯಂತೆ ಮಂಕಾಗಿ ಸದ್ದು ಕೊಡುತ್ತದೆ. ನೆಲಹಾಸನ್ನು ಪೂರ್ತಿ ಎತ್ತಿ, ಕಾರಿನಡಿಗೆ ಇಳಿದು, ಸ್ಕ್ರೂಡ್ರೈವರಿನ ತುದಿಯಿಂದ ಗಟ್ಟಿಯಾಗಿ ಒತ್ತಿ ನೋಡಬೇಕು. ತುದಿ ಒಳಹೊಕ್ಕರೆ ಅಲ್ಲಿ ತಗಡಿಲ್ಲ, ತಗಡಿನ ನೆನಪಷ್ಟೇ ಇದೆ. ಬಣ್ಣದ ಮೇಲೆ ಕಾಣುವ ಗುಳ್ಳೆ ಸಾಸಿವೆಯಷ್ಟಿದ್ದರೂ ಒಳಗೆ ಅಂಗೈಯಗಲ ತಿಂದಿರುವುದು ಸಾಮಾನ್ಯ. ಏಕೆಂದರೆ ಇಂಥ ತುಕ್ಕು ಬಹುತೇಕ ಒಳಗಿನಿಂದ ಹೊರಕ್ಕೆ ಬರುತ್ತದೆ. ಕಬ್ಬಿಣಕ್ಕಿಂತ ಅದರ ತುಕ್ಕಿಗೆ ಹೆಚ್ಚು ಜಾಗ ಬೇಕು. ಎರಡು ತಗಡುಗಳು ಕೂಡುವ ಸಂದಿಯಲ್ಲಿ ಅದು ಉಬ್ಬಿ, ಬೆಸುಗೆಯನ್ನೇ ಕಿತ್ತು, ಹೊಸ ನೀರಿಗೆ ದಾರಿ ಮಾಡಿಕೊಡುತ್ತದೆ.

ಹೈದರಾಬಾದು ಸಮುದ್ರದಿಂದ ದೂರದ, ಒಣಹವೆಯ ಊರು. ಮುಂಬಯಿಯ ಅಥವಾ ಮಂಗಳೂರಿನ ಉಪ್ಪುಗಾಳಿ ತಿಂದ ಕಾರಿಗಿಂತ ಇಲ್ಲಿಯ ಕಾರು ಹೆಚ್ಚು ಕಾಲ ಬಾಳುತ್ತದೆ; ಹಳೆಯ ಕಾರು ಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು. ಆದರೂ ಅಪಾಯ ಇಲ್ಲದಿಲ್ಲ. 2020ರ ಅಕ್ಟೋಬರ್ 13 ಮತ್ತು 14ರ ಮಳೆಯಲ್ಲಿ ನಗರದ ಎಷ್ಟೋ ಬಡಾವಣೆಗಳಲ್ಲಿ ಕಾರುಗಳು ನೀರಿನಲ್ಲಿ ಮುಳುಗಿದವು. ನೆರೆ ಇಳಿದ ಮೇಲೆ ಇಂಜಿನ್ನನ್ನು ಬಿಚ್ಚಿ ತೊಳೆಯುವವರು ಬಾಗಿಲಡಿಯ ತೊಲೆಯೊಳಗೆ ಉಳಿದ ಕೆಸರನ್ನು ಮರೆತುಬಿಡುತ್ತಾರೆ. ನೀರು ಹರಿದುಹೋಗಲೆಂದು ತಯಾರಕರು ಬಿಟ್ಟ ಸಣ್ಣ ರಂಧ್ರಗಳನ್ನು ಆ ಕೆಸರು ಮುಚ್ಚುತ್ತದೆ. ತೇವ ತಿಂಗಳುಗಟ್ಟಲೆ ಒಳಗೇ ನಿಲ್ಲುತ್ತದೆ. ಕಾರಿನಡಿಗೆ ಗಟ್ಟಿಯಾಗಲೆಂದು ಡಾಂಬರಿನಂಥ ಕಪ್ಪು ಲೇಪವನ್ನು ತುಕ್ಕಿನ ಮೇಲೆಯೇ ಬಳಿಸುವುದು ಇನ್ನೊಂದು ತಪ್ಪು. ಲೇಪ ಬಿರುಕುಬಿಟ್ಟಲ್ಲಿ ನೀರು ಒಳಸೇರಿ ಹೊರಬರಲಾರದೆ ಉಳಿಯುತ್ತದೆ. ನಿಂತ ಕಾರಿನ ಡಿಕ್ಕಿಯಲ್ಲಿಯೂ ಅದರ ಪಕ್ಕ ಪೇರಿಸಿದ ಹಳೆಯ ಟೈರುಗಳಲ್ಲಿಯೂ ಮಳೆನೀರು ತುಂಬಿದರೆ ಡೆಂಗ್ಯೂ ಹರಡುವ ಸೊಳ್ಳೆಗೆ ಅದು ಒಳ್ಳೆಯ ತೊಟ್ಟಿಲು ಎಂಬುದನ್ನೂ ಇಲ್ಲಿ ಹೇಳಿಬಿಡುವುದು ಲೇಸು.

ತೂತುಬಿದ್ದ ನೆಲದ ಕಾರನ್ನು "ಸದ್ಯಕ್ಕೆ ನಡೆಯುತ್ತದೆ" ಎಂದು ಓಡಿಸುವವರು ಒಂದು ಗುಪ್ತ ಶತ್ರುವನ್ನು ಜೊತೆಯಲ್ಲಿಯೇ ಕೂರಿಸಿಕೊಂಡಿರುತ್ತಾರೆ. ಇಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಹೀಗಾಗಿ ಉಸಿರಾಡುತ್ತಿದ್ದರೂ ಅಂಗಾಂಗಗಳಿಗೆ ಆಮ್ಲಜನಕ ತಲುಪುವುದಿಲ್ಲ. ಸೈಲೆನ್ಸರ್ ಕೊಳವೆಯೂ ತುಕ್ಕುಹಿಡಿದು ಸೋರುತ್ತಿದ್ದು, ಕಿಟಕಿಗಳು ಮುಚ್ಚಿದ್ದರೆ ನೆಲದ ತೂತಿನಿಂದ, ಡಿಕ್ಕಿಯ ಸಂದಿಯಿಂದ ಈ ವಿಷ ಒಳಬರುತ್ತದೆ. ಕಾರಿನಲ್ಲಿ ಕುಳಿತವರಿಗೆಲ್ಲ ಒಟ್ಟಿಗೇ ತಲೆನೋವು, ತಲೆಸುತ್ತು, ಓಕರಿಕೆ ಕಾಣಿಸಿಕೊಂಡು, ಇಳಿದು ಹೊರಗಾಳಿಗೆ ನಿಂತಾಗ ಕಡಿಮೆಯಾದರೆ ಅದನ್ನು ಪ್ರಯಾಣದ ಆಯಾಸವೆಂದು ತಳ್ಳಿಹಾಕಬಾರದು. ಹಿಂದಿನ ಆಸನದಲ್ಲಿ ನಿದ್ದೆಹೋದ ಮಕ್ಕಳು ಎಬ್ಬಿಸಿದರೂ ಮಂಕಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದುರಸ್ತಿಯಾಗುವವರೆಗೆ ಅಂಥ ಕಾರನ್ನು ಓಡಿಸದಿರುವುದೇ ಮೇಲು.

ಇನ್ನು ಹೊಸ ತಗಡಿನ ಮಾತು. ಕಾರ್ಖಾನೆಯ ಮೂಲ ತಗಡು ಈಗ ದೊರೆಯುವುದು ಅಪರೂಪ. ರಾಣಿಗಂಜಿನ ಅಂಗಡಿಗಳಲ್ಲಿ, ಗೋಶಾಮಹಲಿನ ಗುಜರಿಗಳಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಒಂದೊಂದು ಬಾರಿ ಮಡ್‌ಗಾರ್ಡೋ ಬಾಗಿಲೋ ಕೈಗೆ ಸಿಕ್ಕೀತು. ಹಳೆಯ ಕಾರಿನಿಂದ ಕತ್ತರಿಸಿದ ಗುಜರಿ ತಗಡು ತನ್ನ ತುಕ್ಕನ್ನೂ ಹೊತ್ತು ತಂದಿರುತ್ತದೆಯಾದ್ದರಿಂದ ಕೊಳ್ಳುವಾಗ ಹಿಂಬದಿಯನ್ನು ತಿರುಗಿಸಿ ನೋಡಬೇಕು. ನೆಲ ಮತ್ತು ತೊಲೆಗಳಂಥ ಸರಳ ಆಕಾರದ ಭಾಗಗಳನ್ನು ಹೊಸ ತಗಡಿನಿಂದ ಮಾಡಿಕೊಳ್ಳುವುದೇ ಉತ್ತಮ. ಹೊರಮೈಗೆ 20 ಗೇಜ್, ಅಂದರೆ ಸುಮಾರು 0.9 ಮಿ.ಮೀ. ದಪ್ಪದ್ದೂ, ಭಾರ ಹೊರುವ ಭಾಗಗಳಿಗೆ 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ದಪ್ಪದ್ದೂ ಸಾಮಾನ್ಯವಾಗಿ ಸಾಕು. ಮೂಲ ತಗಡು ಇನ್ನೂ ಗಟ್ಟಿಯಾಗಿರುವಲ್ಲಿ ಅಳೆದು ಅದಕ್ಕೆ ಸರಿಹೊಂದಿಸಬೇಕು. ಸತು ಬಳಿದ ಜಿ.ಐ. ತಗಡು ತುಕ್ಕುಹಿಡಿಯದೆಂದು ಕೆಲವರು ಆಸೆಪಡುತ್ತಾರೆ. ಅದರ ಕೇಡೇನೆಂಬುದು ಮುಂದೆ ಬರುತ್ತದೆ. ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿ ಕಾರಿಗೆ ಹಿಡಿದು ನೋಡಿ, ಅನಂತರ ತಗಡಿನ ಮೇಲೆ ಗೀಚುವುದು ದರ್ಜಿಯ ಜಾಣ್ಮೆ. ಇಲ್ಲಿಯೂ ಅದೇ ಸರಿ.

ತೊಲೆಯನ್ನು ಬದಲಿಸುವ ಕೆಲಸವನ್ನೇ ತೆಗೆದುಕೊಳ್ಳೋಣ. ಏಕೆಂದರೆ ಹವ್ಯಾಸಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಕೊಳೆತ ತೊಲೆಯನ್ನು ಕತ್ತರಿಸಿದೊಡನೆ ಕಾರಿನ ನಡು ಕುಸಿಯತೊಡಗುತ್ತದೆ. ಕೂದಲೆಳೆಯಷ್ಟೇ ಕುಸಿದಿದ್ದರೂ ಅದೇ ಸ್ಥಿತಿಯಲ್ಲಿ ಹೊಸ ತಗಡನ್ನು ಬೆಸೆದುಬಿಟ್ಟರೆ ಬಾಗಿಲು ಮತ್ತೆಂದೂ ಸರಿಯಾಗಿ ಮುಚ್ಚದು. ಆದುದರಿಂದ ಕಾರನ್ನು ಸಮತಟ್ಟಾದ ನೆಲದ ಮೇಲೆ, ಚಕ್ರದ ಭಾರ ಬೀಳುವ ಜಾಗಗಳ ಕೆಳಗೆ ಭದ್ರವಾದ ಕಬ್ಬಿಣದ ಕುದುರೆಗಳ ಮೇಲೆ ನಿಲ್ಲಿಸಬೇಕು. ಜಾಕಿನ ಮೇಲೊಂದೇ ನಂಬಿಕೆಯಿಟ್ಟು ಕಾರಿನಡಿ ನುಸುಳುವುದು ಸಾವಿನೊಡನೆ ಸರಸ. ಇಟ್ಟಿಗೆಯ ರಾಶಿಯೂ ಅಷ್ಟೇ, ಎಚ್ಚರಿಕೆ ಕೊಡದೆ ಪುಡಿಯಾಗುತ್ತದೆ. ಬಾಗಿಲ ಬಾಯಿಗೆ ಅಡ್ಡಲಾಗಿಯೂ ಓರೆಯಾಗಿಯೂ ಕಬ್ಬಿಣದ ಕೊಳವೆಗಳನ್ನು ತಾತ್ಕಾಲಿಕವಾಗಿ ಬಿಗಿದು, ಮೂಲೆಯಿಂದ ಮೂಲೆಗೆ ಅಳತೆ ತೆಗೆದು ಗೋಡೆಯ ಮೇಲೆ ಬರೆದಿಡಬೇಕು. ಎರಡೂ ಬದಿಗಳನ್ನು ಏಕಕಾಲಕ್ಕೆ ಎಂದಿಗೂ ಕತ್ತರಿಸಬಾರದು. ಒಂದು ಬದಿ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು.

ಕಾರ್ಖಾನೆಯಲ್ಲಿ ತಗಡಿನ ಅಂಚುಗಳನ್ನು ಚುಕ್ಕೆ ಬೆಸುಗೆಯಿಂದ ಕೂಡಿಸಿರುತ್ತಾರೆ. ತಂತಿ ಬ್ರಷ್ಷಿನಿಂದ ಬಣ್ಣವನ್ನು ತೆಗೆದರೆ ಸಣ್ಣ ದುಂಡು ಗುರುತುಗಳು ಸಾಲಾಗಿ ಕಾಣುತ್ತವೆ. ಪ್ರತಿಯೊಂದರ ನಡುವೆ ಪಂಚಿನಿಂದ ಗುರುತು ಹೊಡೆದು, ಮೊದಲು 3 ಮಿ.ಮೀ., ಅನಂತರ 8 ಮಿ.ಮೀ. ಡ್ರಿಲ್ಲಿನಿಂದ ಮೇಲಿನ ತಗಡನ್ನು ಮಾತ್ರ ಕೊರೆದು, ಉಳಿಯಿಂದ ಮೀಟಿದರೆ ಹಳೆಯದು ಬಿಡಿಸಿಕೊಳ್ಳುತ್ತದೆ. ಕೆಳಗಿನ ಅಂಚು ಉಳಿಯಬೇಕು. ಹೊಸದು ಕೂರುವುದು ಅದರ ಮೇಲೆ. ಇಲ್ಲಿ ಅವಸರಪಟ್ಟು ಗ್ರೈಂಡರಿನಿಂದ ಎಲ್ಲವನ್ನೂ ಸವರಿಬಿಟ್ಟವರು ಆಮೇಲೆ ಆಧಾರವಿಲ್ಲದೆ ಪರದಾಡುತ್ತಾರೆ. ಉಳಿದ ಅಂಚನ್ನು ಸುತ್ತಿಗೆಯಿಂದ ಹದಮಾಡಿ, ಲೋಹ ಹೊಳೆಯುವವರೆಗೆ ಉಜ್ಜಿ, ಬೆಸುಗೆಯ ಶಾಖ ತಾಳುವ ಪ್ರೈಮರ್ ಹಚ್ಚಬೇಕು. ಹೊಸ ತಗಡಿನ ಅಂಚಿನಲ್ಲಿ ಬೆರಳ ಅಗಲದ ಅಂತರಕ್ಕೊಂದರಂತೆ ರಂಧ್ರಗಳನ್ನು ಕೊರೆದು, ಹಿಡಿಕೆಗಳಿಂದ ಬಿಗಿದು, ಬಾಗಿಲನ್ನು ಹಾಕಿ ತೆರೆದು ಮುಚ್ಚಿ ನೋಡಿ, ಸುತ್ತಲಿನ ಸಂದು ಸಮನಾಗಿದೆಯೆಂದು ಖಚಿತವಾದ ಮೇಲೆ ಆ ರಂಧ್ರಗಳನ್ನು ಬೆಸುಗೆಯಿಂದ ತುಂಬಬೇಕು. ಬಾಗಿಲು ತನ್ನ ತೂಕದಿಂದಲೇ ಬಂದು ಮುಚ್ಚಿಕೊಂಡರೆ ಅಳತೆ ಸರಿಯಿದೆ ಎಂದರ್ಥ.

ಬೆಸುಗೆಯಲ್ಲಿ ಹಳೆಯ ಟಿಂಕರುಗಳು ಗ್ಯಾಸ್ ಬಳಸುತ್ತಿದ್ದರು. ಅದಕ್ಕೆ ಪಳಗಿದ ಕೈ ಬೇಕು. ಕಡ್ಡಿಯ ಆರ್ಕ್ ವೆಲ್ಡಿಂಗ್ ಗೇಟು ಕಿಟಕಿಗಳಿಗೆ ಸರಿ, ಇಷ್ಟು ತೆಳುವಾದ ತಗಡನ್ನು ಸುಟ್ಟು ತೂತುಮಾಡುತ್ತದೆ. ಮನೆಯಲ್ಲಿ ಕಲಿಯುವವರಿಗೆ ತಂತಿ ತಾನಾಗಿ ಹರಿದುಬರುವ ಮಿಗ್ ವೆಲ್ಡಿಂಗ್ ಅನುಕೂಲ. ಗೆರೆಯುದ್ದಕ್ಕೂ ಒಂದೇ ಉಸಿರಿಗೆ ಬೆಸೆದರೆ ಶಾಖಕ್ಕೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಈ ತುದಿಗೊಂದು ಚುಕ್ಕೆ, ಆ ತುದಿಗೊಂದು ಚುಕ್ಕೆ, ನಡುವೆ ಒಂದು, ಆರಿದ ಮೇಲೆ ಮತ್ತೆ ಅವುಗಳ ನಡುವೆ ಒಂದೊಂದು, ಹೀಗೆ ಸಾಗಬೇಕು. ಗುಜರಿಯ ತುಂಡುಗಳ ಮೇಲೆ ವಾರಗಟ್ಟಲೆ ಅಭ್ಯಾಸ ಮಾಡಿದ ಹೊರತು ಎಲುಬಿನ ಭಾಗಗಳಿಗೆ ಕೈಹಾಕುವುದು ತಕ್ಕುದಲ್ಲ. ಕತ್ತರಿಸುವುದು, ಅಳತೆಗೆ ತಗಡು ಹೊಂದಿಸುವುದು, ಶುಚಿಮಾಡುವುದು ಇವನ್ನೆಲ್ಲ ತಾವೇ ಮಾಡಿ ಬೆಸುಗೆಗೆ ಮಾತ್ರ ನುರಿತ ಟಿಂಕರನ್ನು ಮನೆಗೆ ಕರೆಸುವವರಿದ್ದಾರೆ. ಅದರಲ್ಲಿ ಅವಮಾನವೇನಿಲ್ಲ, ಕೆಲಸವನ್ನು ಹತ್ತಿರದಿಂದ ನೋಡಿದ ಲಾಭವೂ ಉಂಟು.

ಬೆಂಕಿಯ ಭಯ ಎಲ್ಲಕ್ಕಿಂತ ಹಿರಿದು. ಬ್ಯಾಟರಿಯನ್ನು ತೆಗೆಯುವುದು, ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ದೂರ ಒಯ್ಯುವುದು, ಆಸನ, ನೆಲಹಾಸು, ಹತ್ತಿರದ ವೈರುಗಳನ್ನು ಬಿಡಿಸುವುದು ಇವು ಬೆಸುಗೆಯ ಮೊದಲ ಹೆಜ್ಜೆಗಳು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿಯಾಗಬಲ್ಲದು, ಏಕೆಂದರೆ ಸಿಡಿಯುವುದು ಪೆಟ್ರೋಲಿನ ಆವಿ. ಬೆಂಕಿ ನಂದಿಸುವ ಸಾಧನವೂ ಮರಳಿನ ಬಕೆಟ್ಟೂ ಕೈಗೆಟುಕುವಲ್ಲಿರಲಿ. ಒಬ್ಬರು ಬೆಸೆಯುವಾಗ ಇನ್ನೊಬ್ಬರು ತಗಡಿನ ಹಿಂಬದಿಯನ್ನು ನೋಡುತ್ತಿರಲಿ. ಕೆಲಸ ಮುಗಿದ ಮೇಲೆಯೂ ಒಂದು ಗಂಟೆ ಅಲ್ಲಿಂದ ಕದಲಬಾರದು. ಕಾಚಿಗೂಡದ ಹಳೆಯ ಮನೆಗಳ ವೈರಿಂಗ್ ವೆಲ್ಡಿಂಗ್ ಯಂತ್ರದ ಭಾರ ತಾಳುತ್ತದೆಯೇ, ಸರಿಯಾದ ಅರ್ಥಿಂಗ್ ಇದೆಯೇ ಎಂಬುದನ್ನು ವಿದ್ಯುತ್ ಕೆಲಸದವರಿಂದ ಮೊದಲೇ ಪರೀಕ್ಷಿಸಬೇಕು. ಹಳೆಯ ಅಂಗಳದ ಮನೆ ಹೋಗಿ ಅಪಾರ್ಟ್‌ಮೆಂಟ್ ಎದ್ದಿರುವಲ್ಲಿ, ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಈ ಕೆಲಸ ಸಲ್ಲದು. ಹೊಗೆ ಹೋಗಲು ದಾರಿಯಿಲ್ಲ; ಸುತ್ತಲೂ ನೆರೆಯವರ ಪೆಟ್ರೋಲ್ ತುಂಬಿದ ವಾಹನಗಳಿರುತ್ತವೆ.

ಬೆಸುಗೆಯ ಬೆಳಕನ್ನು ಬರಿಗಣ್ಣಿನಿಂದ ನೋಡಿದವರಿಗೆ ಕೂಡಲೇ ಏನೂ ಆಗುವುದಿಲ್ಲ. ಆರರಿಂದ ಹನ್ನೆರಡು ಗಂಟೆಗಳ ಅನಂತರ, ಹೆಚ್ಚಾಗಿ ನಡುರಾತ್ರಿಯಲ್ಲಿ, ಕಣ್ಣಿಗೆ ಮರಳು ಹೊಯ್ದಂತೆ ಉರಿ, ನೀರು, ಬೆಳಕು ಸಹಿಸಲಾಗದ ನೋವು ಆರಂಭವಾಗುತ್ತದೆ. ನೇರಳಾತೀತ ಕಿರಣಗಳಿಂದ ಕಣ್ಣಿನ ಕರಿಗುಡ್ಡೆಯ ಮೇಲ್ಪೊರೆ ಸುಟ್ಟಿರುವುದೇ ಇದಕ್ಕೆ ಕಾರಣ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಗುಣವಾಗುತ್ತದೆ. ಆಲೂಗಡ್ಡೆಯ ಹೋಳು, ಈರುಳ್ಳಿ ರಸ, ಎದೆಹಾಲು ಮುಂತಾದ ಮನೆಮದ್ದುಗಳನ್ನು ಕಣ್ಣಿಗೆ ಹಾಕಿದರೆ ಸೋಂಕು ತಗಲುವ ಅಪಾಯವಿದೆ. ಉಜ್ಜದೆ, ತಣ್ಣೀರು ಬಟ್ಟೆಯಿಟ್ಟು, ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಮುಖಕವಚ ಬೆಸೆಯುವವರಿಗೆ ಮಾತ್ರವಲ್ಲ, ಹತ್ತಿರ ನಿಂತವರಿಗೂ ಬೇಕು. ಕುತೂಹಲದಿಂದ ಬಂದು ನಿಲ್ಲುವ ಮೊಮ್ಮಕ್ಕಳನ್ನು ಒಳಗೆ ಕಳುಹಿಸುವುದು ಅಜ್ಜಂದಿರ ಮೊದಲ ಕರ್ತವ್ಯ.

ಜಿ.ಐ. ತಗಡಿನ ಮಾತನ್ನು ಈಗ ಹೇಳಬಹುದು. ಬೆಸುಗೆಯ ಶಾಖಕ್ಕೆ ಅದರ ಸತು ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿ, ಜ್ವರ, ಮೈಕೈನೋವು, ಬಾಯಲ್ಲಿ ಲೋಹದ ರುಚಿ ಕಾಣಿಸುತ್ತದೆ. ಮಲೇರಿಯವೆಂದೋ ಫ್ಲೂ ಎಂದೋ ಭ್ರಮಿಸುವಷ್ಟು ಹೋಲಿಕೆ. ಹಾಲು ಕುಡಿದರೆ, ಬೆಲ್ಲ ತಿಂದರೆ ಈ ಹೊಗೆ ಬಾಧಿಸದೆಂಬ ನಂಬಿಕೆ ಕೆಲಸಗಾರರಲ್ಲಿ ಬಲವಾಗಿದೆ. ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ. ಒಂದು ಇನ್ನೊಂದನ್ನು ಭೇಟಿಯಾಗುವುದೇ ಇಲ್ಲ. ಬೆಸೆಯುವ ಅಂಚಿನಿಂದ ಸತುವನ್ನು ಮೊದಲೇ ತೆಗೆಯುವುದು, ಬಯಲು ಗಾಳಿಯಲ್ಲಿ ಕೆಲಸ ಮಾಡುವುದು, ಹೊಗೆಗೆ ತಕ್ಕ ಮುಸುಕು ಧರಿಸುವುದು ಇವೇ ನಿಜವಾದ ರಕ್ಷಣೆ. ಎಣ್ಣೆಜಿಡ್ಡು ತೆಗೆಯಲು ಕ್ಲೋರಿನ್ ಬೆರೆತ ದ್ರಾವಕಗಳನ್ನು ಬಳಸಿ, ಒಣಗುವ ಮೊದಲೇ ಬೆಸೆದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದನ್ನೇ.

ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚು. ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸುವುದಕ್ಕಿಂತ ನೀರು ಹಾಕಿ ಉಜ್ಜುವುದು, ಕೆಸರನ್ನು ಒಟ್ಟುಗೂಡಿಸಿ ತೆಗೆಯುವುದು ಸರಿಯಾದ ಕ್ರಮ. ಕೆಲಸದ ಬಟ್ಟೆಯನ್ನು ಮನೆಮಂದಿಯ ಬಟ್ಟೆಯೊಡನೆ ಒಗೆಯಬಾರದು. ಸೀಸ ಮಕ್ಕಳ ಬುದ್ಧಿಬೆಳವಣಿಗೆಯನ್ನೇ ಕುಂಠಿಸುತ್ತದೆಂಬುದು ಈಗ ನಿರ್ವಿವಾದ. ಇನ್ನು ತುಕ್ಕು ಚುಚ್ಚಿದರೆ ಧನುರ್ವಾಯು ಬರುತ್ತದೆಂಬ ಮಾತು. ರೋಗ ತರುವುದು ತುಕ್ಕಲ್ಲ, ಮಣ್ಣಿನಲ್ಲಿರುವ ರೋಗಾಣು; ಆದರೆ ಕಾರಿನಡಿಯ ತಗಡಿಗೆ ಮಣ್ಣು ಅಂಟದೆ ಇರುವುದುಂಟೇ? ಹತ್ತು ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿಕೊಂಡಿದ್ದರೂ, ಮಣ್ಣು ಸೇರಿದ ಆಳವಾದ ಗಾಯವಾಗಿ ಹಿಂದಿನ ಲಸಿಕೆಗೆ ಐದು ವರ್ಷ ದಾಟಿದ್ದರೆ ಮತ್ತೆ ಹಾಕಿಸಬೇಕಾಗುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ವೆಲ್ಡಿಂಗ್ ಯಂತ್ರದ ಬಳಿ ಸುಳಿಯುವ ಮೊದಲು ತಮ್ಮ ವೈದ್ಯರನ್ನು ಕೇಳಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ತಗಡಿನ ಅಂಚು ಗೀರಿದ ಸಣ್ಣ ಗಾಯವೂ ಬೇಗ ನಿಲ್ಲದು. ದಪ್ಪ ಚರ್ಮದ ಕೈಗವಸು ಅವರಿಗೆ ಆಭರಣ.

ಕಡೆಯ ಬಣ್ಣವನ್ನು ಮನೆಯಲ್ಲಿ ಹೊಡೆಯದಿರುವುದು ಒಳ್ಳೆಯದು. ಗಟ್ಟಿಕಾರಕ ಬೆರೆಸಿ ಸಿಂಪಡಿಸುವ ಇಂದಿನ ಬಣ್ಣಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದೆ. ಅದು ಉಬ್ಬಸ ತರುತ್ತದೆ. ಒಮ್ಮೆ ದೇಹ ಅದಕ್ಕೆ ಒಗ್ಗದಾದರೆ ಆಮೇಲೆ ಲವಲೇಶವೂ ಸಾಕು. ಧೂಳಿನ ಮುಸುಕು ಇದನ್ನು ತಡೆಯಲಾರದು.

ಕಾನೂನಿನ ಒಂದೆರಡು ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವ ಬದಲಾವಣೆಯನ್ನು ನಿಷೇಧಿಸುತ್ತದೆ. ಹಳೆಯ ಆಕಾರದ್ದೇ ತಗಡು ಹಾಕುವುದು ದುರಸ್ತಿ. ಮೈಯ ಆಕಾರವನ್ನೇ ಮಾರ್ಪಡಿಸುವುದು ಬೇರೆ. ಚಾಸಿಸ್ ಸಂಖ್ಯೆಯನ್ನು ಕೆತ್ತಿರುವ ತಗಡನ್ನು ಮಾತ್ರ ಎಷ್ಟೇ ತುಕ್ಕುಹಿಡಿದಿದ್ದರೂ ಸಾರಿಗೆ ಕಚೇರಿಯ ಗಮನಕ್ಕೆ ತರದೆ ಕತ್ತರಿಸಬಾರದು. ಸಂಖ್ಯೆ ಹೋದರೆ ಕಾರಿನ ಜಾತಕವೇ ಹೋದಂತೆ. 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅದರಂತೆ ವಾಹನ ಮೂಲ ರೂಪದಲ್ಲಿರಬೇಕು, ಚಾಸಿಸ್, ದೇಹ, ಇಂಜಿನ್ನುಗಳಲ್ಲಿ ಭಾರಿ ಮಾರ್ಪಾಟು ಆಗಿರಬಾರದು. ಆದುದರಿಂದ ಪ್ರತಿ ಹಂತದ ಭಾವಚಿತ್ರ ತೆಗೆದಿಟ್ಟು, ಕೊಂಡ ತಗಡಿನ ರಶೀದಿಗಳನ್ನು ಜೋಪಾನ ಮಾಡುವುದು ವಿವೇಕ.

ಬೆಸುಗೆ ಮುಗಿದ ತೊಲೆಗೆ ಹೊರಗಿನಿಂದ ಪ್ರೈಮರ್ ಬಳಿದು, ಸಂದಿಗಳಿಗೆ ಸೀಲರ್ ತುಂಬಿದ ಮೇಲೆ ಒಳಗಿನ ಟೊಳ್ಳು ಉಳಿಯುತ್ತದೆ. ಹಿಂದಿನ ತೊಲೆ ಸತ್ತದ್ದು ಅಲ್ಲಿಂದಲೇ. ಕೆಳಗಿನ ರಂಧ್ರಗಳು ತೆರೆದಿವೆಯೇ ಎಂದು ತಿಳಿಯಲು ಮೇಲಿನ ತೂತಿನಿಂದ ಒಂದು ಚೊಂಬು ನೀರು ಹೊಯ್ಯಬೇಕು. ನಿಮಿಷದೊಳಗೆ ನೀರು ನೆಲಕ್ಕೆ ಹರಿದುಬಂದರೆ ಸರಿ. ಬರದಿದ್ದರೆ ತಂತಿಯಿಂದ ಚುಚ್ಚಿ ಬಿಡಿಸಿ ಮತ್ತೆ ಹೊಯ್ಯಬೇಕು. ಎರಡು ದಿನ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ ಒಳಗು ಪೂರ್ತಿ ಒಣಗಿದ ಮೇಲೆ, ಉದ್ದ ನಳಿಕೆಯಿಂದ ತೆಳುವಾದ ಮೇಣವನ್ನು ತೊಲೆಯ ಉದ್ದಕ್ಕೂ ಸಿಂಪಡಿಸಿ, ಅದು ಕೆಳಗಿನ ರಂಧ್ರಗಳಿಂದ ಹನಿಹನಿಯಾಗಿ ಸೋರುವವರೆಗೆ ಕಾಯಬೇಕು. ಸೋರಿದ ಮೇಣವನ್ನು ಒರೆಸಿ, ಮೇಲಿನ ತೂತಿಗೆ ರಬ್ಬರಿನ ಬಿರಡೆ ಹಾಕಿ, ಕೆಳಗಿನವನ್ನು ತೆರೆದೇ ಬಿಡಬೇಕು. ಮೃಗಶಿರ ಮಳೆ ಹಿಡಿಯುವ ಮೊದಲು ಪ್ರತಿ ವರ್ಷವೂ ಆ ರಂಧ್ರಗಳಿಗೆ ಒಮ್ಮೆ ತಂತಿ ಆಡಿಸಿದರೆ ಸಾಕು.